ಎಲ್ಲಿ ಬೇಕಾದರೂ ಕೂರುವ ಊರು

ಪರದೆಯಣ್ಣನಿಗೆ ಹೆತ್ತವರು ಇಟ್ಟ ಹೆಸರೊಂದಿತ್ತು. ಸಂಬಳದ ಚೀಟಿಯಲ್ಲಿ ಬಿಟ್ಟರೆ ಅದು ಬೇರೆಲ್ಲೂ ಕೆಲಸಕ್ಕೆ ಬರುತ್ತಿರಲಿಲ್ಲ. ದೊಡ್ಡ ಬೀದಿಯ ಬಟ್ಟೆ ಅಂಗಡಿಯ ಗಾಜಿನ ಷೋಕೇಸು ಸಿಂಗರಿಸುವುದು ಅವನ ಉದ್ಯೋಗ. ಗೊಂಬೆಗಳಿಗೆ ಬಟ್ಟೆ ತೊಡಿಸುವವರು ಬೇರೆ. ಅವುಗಳ ಬೆನ್ನ ಹಿಂದೆ ಪರದೆಯಲ್ಲಿ ನಿಲ್ಲುವ ಊರು ಇವನದು. ಚಳಿಗಾಲದ ಕೋಟು ಬಂದರೆ ಹಿಮದ ಬೆಟ್ಟ, ಬೇಸಿಗೆಯ ಅಂಗಿ ಬಂದರೆ ಕಡಲತೀರ, ಶಾಲೆ ಶುರುವಾಗುವ ಹೊತ್ತಿಗೆ ಬಸ್ಸು ಕಾಯುವ ಬೀದಿ. ಮೀಸೆ ಮೂಡಿದ ಕಾಲದಿಂದ ಅದೇ ಮೀಸೆ ನರೆಯುವ ತನಕ ಎಷ್ಟು ಊರು ಕಟ್ಟಿದನೋ, ಎಷ್ಟು ಊರು ಮುರಿದು ಅಂಗಡಿಯ ಹಿಂದಿನ ಕಸದ ತೊಟ್ಟಿಗೆ ಹಾಕಿದನೋ, ಲೆಕ್ಕ ಇಟ್ಟವರಿಲ್ಲ. ಒಂದೇ ನೋಟವನ್ನು ತಿಂಗಳಿಗಿಂತ ಹೆಚ್ಚು ನೋಡಿದರೆ ಅವನಿಗೆ ತಲೆನೋವು ಬರುತ್ತಿತ್ತು. "ಪುಣ್ಯಕ್ಕೆ ಹೆಂಡತಿ ಒಬ್ಬಳನ್ನ ಹಾಗೇ ಬಿಟ್ಟಿದ್ದಾರೆ" ಎಂದು ಅವನ ಹೆಂಡತಿಯೇ ಬಂದವರ ಮುಂದೆ ಹೇಳಿಕೊಂಡು ನಗುತ್ತಿದ್ದಳು.

ಇಂಥವನ ಮನೆಯ ಹಜಾರದಲ್ಲಿ ಒಂದು ಪುಟ್ಟ ರೈಲು ಓಡುತ್ತಿತ್ತು. ಯಾರೋ ಮನೆ ಕೆಡವಿದಾಗ ಸಿಕ್ಕ ಎರಡು ಹಳೆಯ ಬಾಗಿಲುಗಳನ್ನು ಪಕ್ಕಪಕ್ಕ ಮಲಗಿಸಿ, ಕೆಳಗೆ ಕಾಲು ಕೊಟ್ಟು, ಮೇಲೆ ಹಳಿ ಹಾಸಿದ್ದರು. ಹಳಿ, ತಂತಿ, ಸ್ವಿಚ್ಚು, ಇಂಜಿನ್ನಿನ ಹೊಟ್ಟೆಯೊಳಗಿನ ಮೋಟಾರು, ಇವೆಲ್ಲ ತಮ್ಮನ ಸುಪರ್ದಿ. ತಮ್ಮ ಲಿಫ್ಟ್ ರಿಪೇರಿಯವನು. ವಾರವೆಲ್ಲ ಮೇಲೆ ಕೆಳಗೆ ಹೋಗುವ ಪೆಟ್ಟಿಗೆಗಳ ಜೊತೆ ಹೆಣಗಾಡಿ, ಭಾನುವಾರ ಸುತ್ತ ತಿರುಗುವ ಪೆಟ್ಟಿಗೆಗಳ ಜೊತೆ ಹೆಣಗಾಡಲು ಅಣ್ಣನ ಮನೆಗೆ ಬರುತ್ತಿದ್ದ. ಆಟಿಕೆ ರೈಲು ಅಂದರೆ ಅವನಿಗೆ ಮೂಗಿನ ತುದಿಗೆ ಕೋಪ. "ಆಟಿಕೆ ಅಲ್ಲ, ಮಾದರಿ" ಎನ್ನುತ್ತಿದ್ದ. ಐವತ್ತು ದಾಟಿದ ಗಂಡಸು ಮೇಜಿನಡಿ ಅಂಗಾತ ಮಲಗಿ, ಬಾಯಲ್ಲಿ ತಂತಿ ಕಚ್ಚಿಕೊಂಡು ಈ ಮಾತು ಹೇಳಿದರೆ ಒಪ್ಪದೆ ವಿಧಿಯಿರಲಿಲ್ಲ.

ಅಣ್ಣ ತಮ್ಮ ಇಬ್ಬರೂ ಮದುವೆಯಾದದ್ದು ಅಕ್ಕ ತಂಗಿಯರನ್ನು. ಅಕ್ಕ ಅಣ್ಣನಿಗೆ, ತಂಗಿ ತಮ್ಮನಿಗೆ. ಅಕ್ಕತಂಗಿಯರದು ಒಂದೇ ಗಂಟಲು. ಫೋನಿನಲ್ಲಿ ಗಂಡಂದಿರೇ ಬೇಸ್ತು ಬೀಳುತ್ತಿದ್ದರು. ಅಣ್ಣತಮ್ಮಂದಿರ ದನಿಯೂ ಹಾಗೆಯೇ, ಮಾತಿನ ನಡುವೆ ಕೆಮ್ಮುವ ಅಭ್ಯಾಸವೂ ಹಾಗೆಯೇ. ಎರಡು ಮನೆಗಳ ನಡುವೆ ವ್ಯಾನಿನಲ್ಲಿ ಅರ್ಧ ಗಂಟೆಯ ದಾರಿ. ಆ ದಾರಿಯಲ್ಲಿ ಒಂದು ಪೆಟ್ಟಿಗೆ ಮತ್ತು ಒಂದು ಊರುಗೋಲಿನ ಸಮೇತ ಅವರ ಅಮ್ಮ ಓಡಾಡುತ್ತಿದ್ದಳು. ಎರಡು ತಿಂಗಳು ದೊಡ್ಡವನ ಮನೆ, ಎರಡು ತಿಂಗಳು ಚಿಕ್ಕವನ ಮನೆ. ಅಪ್ಪ ಹೋದ ಮೇಲೆ ಅವಳೇ ಮಾಡಿಕೊಂಡ ಏರ್ಪಾಡು ಇದು. "ನಾನು ಯಾರ ತಲೆ ಮೇಲೂ ಪೂರ್ತಿ ಕೂರಲ್ಲ" ಎಂದಿದ್ದಳು.

ರೈಲಿನ ಮೇಜಿನ ಮೇಲೆ ಮೊದಲು ಇದ್ದದ್ದು ಒಂದೇ ಒಂದು ಬೆಟ್ಟ. ಥರ್ಮಾಕೋಲ್ ಕೆತ್ತಿ, ಪ್ಲಾಸ್ಟರ್ ಮೆತ್ತಿ, ಗೋಂದಿನಿಂದ ಭದ್ರವಾಗಿ ಅಂಟಿಸಿದ ಬೆಟ್ಟ. ಅದರ ಹೊಟ್ಟೆಯಲ್ಲಿ ಸುರಂಗ. ತಮ್ಮ ಅದನ್ನು ನೋಡಿ ಕುಣಿದಾಡಿದ. ಎರಡನೆಯ ತಿಂಗಳಿಗೆ ಪರದೆಯಣ್ಣನಿಗೆ ಆ ಬೆಟ್ಟದ ಮುಖ ಕಂಡರಾಗದು. ರೈಲು ಅದರೊಳಗೆ ನುಗ್ಗಿ ಆಚೆ ಬಂದಾಗಲೆಲ್ಲ, ಹೇಳಿದ ಕತೆಯನ್ನೇ ಹೇಳುವ ನೆಂಟರನ್ನು ಕಂಡಂತಾಗುತ್ತಿತ್ತು. ಒಂದು ಭಾನುವಾರ ತಮ್ಮ ಬರುವಷ್ಟರಲ್ಲಿ ಬೆಟ್ಟ ಚೂರುಚೂರಾಗಿ ಗೋಣಿಚೀಲದಲ್ಲಿತ್ತು.

"ಅಯ್ಯೋ! ಏನಣ್ಣ ಇದು?"

"ಇನ್ಮೇಲೆ ಅಂಟಿಸೋ ಕೆಲ್ಸ ಇಲ್ಲ ಕಣೋ. ಹಳಿ ಹಾಗೇ ಇರ್ಲಿ, ಊರು ಬದಲಾಗ್ಲಿ."

ಅವನ ಯೋಜನೆ ಕೇಳಲು ಚೆನ್ನಾಗಿತ್ತು. ಹಳಿಗಳ ನಡುವೆ ನಾಲ್ಕು ಕಡೆ ಒಂದೇ ಅಳತೆಯ ಚೌಕ ಗುಂಡಿ ಕೊರೆಯುವುದು. ಗುಂಡಿಯ ಒಳಗೆ ಸುತ್ತಲೂ ಪಟ್ಟಿ ಹೊಡೆಯುವುದು. ಆ ಪಟ್ಟಿಯ ಮೇಲೆ ಕೂರುವಂತೆ ಚೌಕದ ಟ್ರೇಗಳನ್ನು ಮಾಡಿ, ಒಂದೊಂದರ ಮೇಲೂ ಒಂದೊಂದು ಊರು ಕಟ್ಟುವುದು. ಒಂದರಲ್ಲಿ ಬಂದರು, ಇನ್ನೊಂದರಲ್ಲಿ ಕಲ್ಲುಗಣಿ, ಮತ್ತೊಂದರಲ್ಲಿ ಸಂತೆ, ಮಗದೊಂದರಲ್ಲಿ ಹಿಮ ಬಿದ್ದ ಪೇಟೆ. ಯಾವ ಟ್ರೇ ಯಾವ ಗುಂಡಿಗಾದರೂ ಕೂರಬೇಕು, ಹೇಗೆ ತಿರುಗಿಸಿ ಇಟ್ಟರೂ ಕೂರಬೇಕು. ಅದಕ್ಕಾಗಿ ಎಲ್ಲ ಟ್ರೇಗಳ ಅಂಚಿನಲ್ಲೂ ಒಂದೇ ಎತ್ತರ, ಒಂದೇ ಒಣಹುಲ್ಲು. ರಸ್ತೆ ಇದ್ದರೆ ಅದು ಅಂಚಿನ ನಟ್ಟನಡುವೆಯೇ ಹೊರಬೀಳಬೇಕು. ಆಗ ಬಂದರಿನ ರಸ್ತೆ ಹಿಮದ ಪೇಟೆಯ ರಸ್ತೆಗೆ ಸಲೀಸಾಗಿ ಸೇರಿಕೊಳ್ಳುತ್ತದೆ. ತಮ್ಮ ತನ್ನ ಕೈಚಳಕ ತೋರಿಸಿ ಟ್ರೇಯ ತಳದಲ್ಲಿ ತಾಮ್ರದ ಬಿಲ್ಲೆ ಕೂರಿಸಿದ. ಟ್ರೇ ಇಟ್ಟ ಕೂಡಲೇ ಬೀದಿದೀಪ ಹತ್ತುತ್ತಿತ್ತು.

ಪರದೆಯಣ್ಣ ಕೂತ ಜಾಗದಿಂದ ಏಳದೆ ಊರು ಕಟ್ಟಿದ. ತಾಮ್ರದ ತಂತಿ ಹೊಸೆದು ಮರ, ಸ್ಪಂಜು ಹರಿದು ಎಲೆ, ಬಣ್ಣ ಹಾಕಿದ ಮರದ ಹೊಟ್ಟಿನಿಂದ ಹುಲ್ಲು. ಹೆಂಡತಿ ಹಲ್ಲಿನ ಡಾಕ್ಟರ ಬಳಿ ಅರ್ಧ ದಿನ ಟೋಕನ್ ಕೊಡುವ ಕೆಲಸದಲ್ಲಿದ್ದಳು. ಅಲ್ಲಿಂದ ಹಲ್ಲಿನ ಅಚ್ಚು ತೆಗೆಯುವ ಪ್ಲಾಸ್ಟರನ್ನು ಉಳಿಸಿ ತಂದುಕೊಡುತ್ತಿದ್ದಳು. ಕಲ್ಲುಗಣಿ ಪೂರ್ತಿ ಹಲ್ಲಿನ ಪ್ಲಾಸ್ಟರಿನದು. "ಯಾರದೋ ದವಡೆ ಮೇಲೆ ರೈಲು ಬಿಡ್ತಿದ್ದೀರಿ" ಎಂದು ಅವಳು ಛೇಡಿಸುತ್ತಿದ್ದಳು.

ಎಲ್ಲ ಮುಗಿದ ಭಾನುವಾರ ನಾಲ್ಕು ಟ್ರೇ ಕೂರಿಸಿ ರೈಲು ಬಿಟ್ಟರು. ರೈಲು ಹೊರಟಿತು. ಊರುಗಳ ಬದಿಯಲ್ಲಿ ಹಾದುಹೋಯಿತು. ಎಲ್ಲರೂ ಸುತ್ತ ನಿಂತು ನೋಡಿದರು.

"ಚೆನ್ನಾಗಿದೆ ಭಾವ" ಎಂದಳು ತಮ್ಮನ ಹೆಂಡತಿ, ಚೆನ್ನಾಗಿಲ್ಲ ಎನ್ನುವ ದನಿಯಲ್ಲಿ.

"ಏನೋ ಸರಿ ಇಲ್ಲ" ಎಂದ ತಮ್ಮ.

"ಏನು ಸರಿ ಇಲ್ಲ?"

"ಅದೇ ಗೊತ್ತಾಗ್ತಿಲ್ಲ ಅಣ್ಣ. ನೋಡ್ತಾ ಇದ್ರೆ ತಲೆ ಒಂಥರಾ ತಿರುಗುತ್ತೆ."

ಪರದೆಯಣ್ಣನಿಗೂ ಹಾಗೇ ಆಗುತ್ತಿತ್ತು, ಹೇಳಿರಲಿಲ್ಲ ಅಷ್ಟೆ. ಟ್ರೇಗಳನ್ನು ಒಂದೊಂದಾಗಿ ಕೈಯಲ್ಲಿ ಹಿಡಿದರೆ ಊರು ಊರಿನಂತೆಯೇ ಇತ್ತು. ನಾಲ್ಕನ್ನೂ ಮೇಜಿನಲ್ಲಿ ಕೂರಿಸಿದರೆ ಎಲ್ಲವೂ ಕೂಡಿ ಸುಳ್ಳು ಹೇಳುತ್ತಿದ್ದವು. ಅಂಚು ಅಳೆದ, ಸರಿಯಿತ್ತು. ಹುಲ್ಲಿನ ಬಣ್ಣ ಹೋಲಿಸಿದ, ಸರಿಯಿತ್ತು. ಮನೆಗಳು ದೊಡ್ಡವಾದವೇನೋ ಎಂದು ಬಂದರಿನ ಉಗ್ರಾಣವನ್ನು ಕಿತ್ತು ಚಿಕ್ಕದು ಮಾಡಿದ. ಮರ ಹೆಚ್ಚಾಯಿತೇನೋ ಎಂದು ಸಂತೆಯ ಮರ ಬೋಳಿಸಿದ. ವಾರಗಟ್ಟಲೆ ಹೀಗೇ. ಅಂಗಡಿಯಲ್ಲಿ ಗೊಂಬೆಯ ಹಿಂದೆ ಮೋಡ ತೂಗುಹಾಕುವಾಗಲೂ ಅವನ ತಲೆಯಲ್ಲಿ ಅದೇ ಹುಳ. ಊಟದ ನಡುವೆ ಎದ್ದು ಹೋಗಿ ಒಂದು ಟ್ರೇ ತಿರುಗಿಸಿ ಬರುತ್ತಿದ್ದ, ತಿರುಗಿಸಿದ್ದು ಯಾಕೆಂದು ಅವನಿಗೇ ತಲೆಬುಡ ಗೊತ್ತಿರಲಿಲ್ಲ.

ಅದನ್ನು ಕಂಡುಹಿಡಿದದ್ದು ಅಮ್ಮ. ಅವಳಿಗೆ ಕಣ್ಣು ಅಷ್ಟಕ್ಕಷ್ಟೇ. ಪೊರೆ ತೆಗೆಸಿದ ಮೇಲೂ ಮಂಜು ಹೋಗಿರಲಿಲ್ಲ. ಮುಖ ಸರಿಯಾಗಿ ಕಾಣುತ್ತಿರಲಿಲ್ಲ, ಬೆಳಕು ಮತ್ತು ಕತ್ತಲೆ ಮಾತ್ರ ಚೆನ್ನಾಗಿ ತಿಳಿಯುತ್ತಿತ್ತು. ದೊಡ್ಡವನ ಮನೆಯ ಸರದಿಗೆ ಬಂದವಳು ಒಂದು ಸಂಜೆ ಮೇಜಿನ ಅಂಚು ಹಿಡಿದು ಬಗ್ಗಿ, ಮೂಗು ತಾಗುವಷ್ಟು ಹತ್ತಿರದಿಂದ ನೋಡಿದಳು.

"ಈ ಊರಿಗೆ ಎಷ್ಟು ಸೂರ್ಯ ಕಣೋ?"

"ಏನಮ್ಮ ಹಾಗಂದ್ರೆ?"

"ಇಲ್ಲಿ ಕಪ್ಪು ಈ ಕಡೆ ಬಿದ್ದಿದೆ. ಅಲ್ಲಿ ಆ ಕಡೆ. ಇನ್ನೊಂದರಲ್ಲಿ ಮರದ ಮುಂದಕ್ಕೇ ಬಿದ್ದಿದೆ. ಜನ ಬಟ್ಟೆ ಎಲ್ಲಿ ಒಣಗಿಸ್ಕೋತಾರೋ ಪಾಪ."

ಪರದೆಯಣ್ಣ ಹಣೆ ಚಚ್ಚಿಕೊಂಡ. ಅಂಗಡಿಯ ಷೋಕೇಸಿನಲ್ಲಿ ದೀಪ ಯಾವಾಗಲೂ ಎಡಮೇಲಿನ ಮೂಲೆಯಲ್ಲಿ ಇರುತ್ತದೆ. ಅದಕ್ಕೆ ಒಪ್ಪುವಂತೆ ಅವನು ಪ್ರತಿ ಮನೆಗೂ ಮರಕ್ಕೂ ಬಲಗಡೆ ಬೂದು ಬಣ್ಣದಲ್ಲಿ ನೆರಳು ಬರೆಯುತ್ತಿದ್ದ. ಕೈಗೆ ಅಂಟಿದ ಚಾಳಿ ಅದು, ಟ್ರೇಗಳಿಗೂ ಬರೆದುಬಿಟ್ಟಿದ್ದ. ತಿರುಗಿಸದ ಪರದೆಗೆ ಅದು ಚೆಂದ. ತಿರುಗಿಸುವ ಟ್ರೇಗೆ ಅದೇ ಎಡವಟ್ಟು. ಟ್ರೇಯ ಜೊತೆಗೆ ನೆರಳೂ ತಿರುಗಿ, ಒಂದು ಮೇಜಿನ ಮೇಲೆ ನಾಲ್ಕು ಹೊತ್ತು ಒಟ್ಟಿಗೇ ನಡೆಯುತ್ತಿತ್ತು. ಯಾರಿಗೆ ತಾನೇ ತಲೆ ತಿರುಗದು?

ಆ ವಾರವೇ ಬರೆದ ನೆರಳನ್ನೆಲ್ಲ ಅಳಿಸಿದ. ಹಜಾರದ ಕಿಟಕಿಗೆ ದಪ್ಪ ಬಟ್ಟೆ ಇಳಿಬಿಟ್ಟು, ಮೇಜಿನ ನೆತ್ತಿಗೆ ಸರಿಯಾಗಿ ಒಂದು ದೀಪ ತೂಗುಹಾಕಿದ. ಈಗ ಯಾವ ಊರು ಎಲ್ಲಿ ಕೂತರೂ, ಹೇಗೆ ಕೂತರೂ ಸರಿ. ತಮ್ಮ ಸುತ್ತ ಸುತ್ತಿ ನೋಡಿ, "ಈಗ ಬಂತು ನೋಡು ಕಳೆ" ಎಂದ. ಪರದೆಯಣ್ಣನಿಗೆ ಏನೋ ದೊಡ್ಡ ಸತ್ಯ ಸಿಕ್ಕಿದಷ್ಟು ಸಂತೋಷ. "ಸೂರ್ಯನ್ನ ತೆಗೆದುಬಿಟ್ರೆ ಯಾವ ಊರು ಬೇಕಾದ್ರೂ ಎಲ್ಲಿ ಬೇಕಾದ್ರೂ ಕೂರುತ್ತೆ" ಎಂದು ಸಿಕ್ಕಸಿಕ್ಕವರಿಗೆ ಹೇಳಿದ. ಕೇಳಿದವರು ತಲೆಯಾಡಿಸಿದರು. ಷೋಕೇಸಿನವರ ಮಾತು ಹಾಗೇ ಇರುತ್ತದೆ ಎಂದುಕೊಂಡಿರಬೇಕು.

ಅಷ್ಟರಲ್ಲಿ ಅಮ್ಮ ಬಿದ್ದಳು.

ಬಿದ್ದದ್ದು ಹೀಗೆ. ಚಿಕ್ಕವನ ಮನೆಯಲ್ಲಿ ಅವಳ ಮಂಚದಿಂದ ಎದ್ದರೆ ಬಚ್ಚಲು ಬಲಗಡೆ. ದೊಡ್ಡವನ ಮನೆಯಲ್ಲಿ ಕೋಣೆಯ ಬಾಗಿಲು ಎಡಗಡೆ, ಬಚ್ಚಲು ಅದರಾಚೆ. ಮನೆ ಬದಲಾದ ಮೊದಲ ಕೆಲವು ದಿನ ಅವಳು ಹಿಂದಿನ ಮನೆಯ ದಾರಿಯಲ್ಲೇ ನಡೆದು ಗೋಡೆಗೋ ಬೀರುವಿಗೋ ಢಿಕ್ಕಿ ಹೊಡೆಯುವುದು ಮಾಮೂಲಾಗಿತ್ತು. "ಬೀರುಗೆ ಬುದ್ಧಿ ಇಲ್ಲ, ದಾರೀಲಿ ನಿಂತಿದೆ" ಎಂದು ಬೈದು ಸರಿಹೋಗುತ್ತಿದ್ದಳು. ಈ ಸಲ ದೊಡ್ಡವನ ಮನೆಯಲ್ಲಿ ಢಿಕ್ಕಿ ಹೊಡೆದವಳು ಹಿಂದಕ್ಕೆ ಬಿದ್ದು ಮಂಡಿ ಊದಿಸಿಕೊಂಡಳು. ಮೂಳೆ ಮುರಿಯಲಿಲ್ಲ. ಆದರೆ ಅಂದಿನಿಂದ ಕೋಣೆ ಬಿಟ್ಟು ಹೊರಗೆ ಬರುವುದು ಕಡಿಮೆಯಾಯಿತು.

ನೋಡಲು ಬಂದ ತಮ್ಮನ ಹೆಂಡತಿ ಎಲ್ಲರೂ ಮನಸ್ಸಿನಲ್ಲಿ ಇಟ್ಟುಕೊಂಡದ್ದನ್ನು ಹೇಳಿದಳು. "ಭಾವ, ಬೇಜಾರು ಮಾಡ್ಕೋಬೇಡಿ. ಈ ವಯಸ್ಸಲ್ಲಿ ಅತ್ತೇನ ಅಲ್ಲಿ ಇಲ್ಲಿ ಅಂತ ಓಡಾಡಿಸೋದು ಬೇಡ. ಒಂದೇ ಕಡೆ ಇರ್ಲಿ. ನಮ್ಮನೇಲಿ ಬಚ್ಚಲು ಕೋಣೆಗೇ ಅಂಟಿಕೊಂಡಿದೆ, ಆಸ್ಪತ್ರೆ ಎದುರಿಗೇ ಇದೆ. ನೀವು ಯಾವಾಗ ಬೇಕಾದ್ರೂ ಬಂದು ನೋಡ್ಕೊಂಡು ಹೋಗಿ."

ಮಾತಿನಲ್ಲಿ ಒಂದು ಚೂರೂ ತಪ್ಪಿರಲಿಲ್ಲ. ಅದೇ ಪರದೆಯಣ್ಣನ ಸಂಕಟ. ತಪ್ಪಿದ್ದರೆ ಜಗಳವಾದರೂ ಆಡಬಹುದಿತ್ತು. ಅವನಿಗೆ ಅಮ್ಮ ಬೇಕಾಗಿತ್ತು. ಮಗಳು ಮದುವೆಯಾಗಿ ಹೋದ ಮೇಲೆ ಖಾಲಿಯಾಗಿದ್ದ ಆ ಕೋಣೆಯಲ್ಲಿ, ಅಂಗಡಿಯಿಂದ ಬಂದವನು ಚಪ್ಪಲಿ ಬಿಡುವ ಮುಂಚೆ "ಬಂದ್ಯೇನೋ" ಎನ್ನುವ ದನಿ ಬೇಕಾಗಿತ್ತು. ಆ ದನಿ ವರ್ಷಕ್ಕೆ ಆರು ತಿಂಗಳೇ ಇದ್ದರೂ, ಉಳಿದ ಆರು ತಿಂಗಳು ಅದಕ್ಕೆ ಕಾಯುತ್ತಾ ಕಳೆಯುತ್ತಿದ್ದವು. ನರೆತ ಮೀಸೆಯ ಗಂಡಸು ಇದನ್ನು ನಾದಿನಿಯ ಮುಂದೆ ಹೇಗೆ ಬಾಯಿಬಿಟ್ಟು ಹೇಳಿಯಾನು? "ನೋಡೋಣ" ಎಂದ. ಕೊನೆಗೆ ನಾಲ್ವರೂ ಕೂತು ಒಂದು ತೀರ್ಮಾನಕ್ಕೆ ಬಂದರು. ಇನ್ನೊಂದು ಸುತ್ತು ನೋಡುವುದು. ಅಮ್ಮ ಇನ್ನೊಮ್ಮೆ ಎಡವಿದರೆ, ಆಮೇಲೆ ಅವಳು ಚಿಕ್ಕವನ ಮನೆಯಲ್ಲೇ ಇರುವುದು.

ಆಮೇಲೆ ಪರದೆಯಣ್ಣನಿಗೆ ಆ ಉಪಾಯ ಹೊಳೆಯಿತು. ಹೊಳೆದದ್ದು ರೈಲಿನ ಮೇಜಿನ ಮುಂದೆ, ಹಿಮದ ಪೇಟೆಯನ್ನು ತೆಗೆದು ಬಂದರನ್ನು ಕೂರಿಸುವಾಗ. ಕೋಣೆಗಳೂ ಟ್ರೇಗಳೇ ತಾನೆ? ಎರಡು ಕೋಣೆಯನ್ನೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗೆ ಮಾಡಿಬಿಟ್ಟರೆ, ಅಮ್ಮ ಎಲ್ಲಿದ್ದರೂ ಒಂದೇ ದಾರಿ ನಡೆಯುತ್ತಾಳೆ. ಎಡವುವ ಪ್ರಶ್ನೆಯೇ ಇಲ್ಲ.

ಟೇಪು ಹಿಡಿದು ಎರಡೂ ಮನೆಗೆ ಓಡಾಡಿದ. ತನ್ನ ಮನೆಯಲ್ಲಿ ಮಂಚದ ತಲೆದಿಕ್ಕು ತಿರುಗಿಸಿ ಬಾಗಿಲು ಬಲಕ್ಕೆ ಬರುವಂತೆ ಮಾಡಿದ. ಬೀರುವನ್ನು ಹೊರಗೆ ಸಾಗಿಸಿದ. ಎರಡು ಕೋಣೆಗೂ ಒಂದೇ ಬಣ್ಣ, ಒಂದೇ ಹೊದಿಕೆ, ಒಂದೇ ಎತ್ತರದ ಸ್ಟೂಲು, ಅದರ ಮೇಲೆ ಒಂದೇ ಬಗೆಯ ನೀರಿನ ಜಗ್ಗು, ಊರುಗೋಲು ಒರಗಿಸಲು ಒಂದೇ ಮೂಲೆ. ಗಡಿಯಾರದ ಟಿಕ್‌ಟಿಕ್ ಕೂಡ ಒಂದೇ ಇರಲೆಂದು ಜೋಡಿ ಗಡಿಯಾರ ತಂದ. ಉಳಿದದ್ದು ಕಿಟಕಿ. ತನ್ನ ಮನೆಯ ಕಿಟಕಿ ಈಗ ಅಮ್ಮನ ತಲೆಯ ಹಿಂದೆ ಬಂದಿತ್ತು. ತಮ್ಮನ ಮನೆಯದು ಪಕ್ಕದಲ್ಲಿತ್ತು. ತನ್ನದಕ್ಕೆ ಬೆಳಗಿನ ಬಿಸಿಲು, ತಮ್ಮನದಕ್ಕೆ ಸಂಜೆಯ ಬಿಸಿಲು. ಪರದೆಯಣ್ಣ ಎರಡಕ್ಕೂ ಹಲಗೆ ಹೊಡೆದು, ಮೇಲೆ ದಪ್ಪ ಪರದೆ ಬಿಟ್ಟು, ಕೋಣೆಯ ನಡುವೆ ಒಂದು ದೀಪ ತೂಗುಹಾಕಿದ.

"ಕಿಟಕಿ ಮುಚ್ಚಲೇಬೇಕಾ ಅಣ್ಣ?" ತಮ್ಮ ಏಣಿ ಹಿಡಿದುಕೊಂಡು ಕೇಳಿದ.

"ಬೆಳಕು ಬಂದ್ರೆ ಗೊತ್ತಾಗ್ಬಿಡುತ್ತಲ್ಲೋ."

"ಏನು ಗೊತ್ತಾಗುತ್ತೆ?"

"ಬೇರೆ ಮನೆ ಅಂತ."

"ಗೊತ್ತಾದ್ರೆ ಏನಾಯ್ತು?"

"ನಿಂಗೆ ಅರ್ಥ ಆಗಲ್ಲ ಬಿಡು. ಮೊಳೆ ಕೊಡು."

ತಮ್ಮ ತಲೆ ಕೆರೆದುಕೊಂಡು ಮೊಳೆ ಕೊಟ್ಟ. ಅಣ್ಣನಾದವನ ಕೈಯಲ್ಲಿ ಸುತ್ತಿಗೆ ಇದ್ದಾಗ ವಾದ ಮಾಡುವ ರೂಢಿ ಅವನಿಗೆ ಚಿಕ್ಕಂದಿನಿಂದಲೂ ಇರಲಿಲ್ಲ.

ಅಮ್ಮನ ಸುತ್ತು ಶುರುವಾಯಿತು. ಮೊದಲು ಚಿಕ್ಕವನ ಮನೆ, ಆಮೇಲೆ ದೊಡ್ಡವನ ಮನೆ. ಉಪಾಯ ಫಲಿಸಿತು. ರಾತ್ರಿ ನಿದ್ದೆಗಣ್ಣಲ್ಲಿ ವ್ಯಾನಿನಿಂದ ಇಳಿದು ಬಂದ ಮರುಬೆಳಿಗ್ಗೆ ಅಮ್ಮ ಎದ್ದು, ಬಲಕ್ಕೆ ತಿರುಗಿ, ಗೋಡೆ ತಡಕದೆ ನೇರ ಬಚ್ಚಲಿಗೆ ಹೋಗಿ ಬಂದಳು. ಪರದೆಯಣ್ಣ ಬಾಗಿಲ ಸಂದಿಯಿಂದ ನೋಡುತ್ತಿದ್ದವನು ಪರೀಕ್ಷೆ ಪಾಸಾದ ಹುಡುಗನಂತೆ ಹಿಗ್ಗಿದ. ತಮ್ಮನಿಗೆ ಫೋನ್ ಮಾಡಿ, "ಮನೆ ಬದಲಾಗಿದ್ದೇ ಅಮ್ಮಂಗೆ ಗೊತ್ತಾಗಿಲ್ಲ ಕಣೋ!" ಎಂದ. ಆ ಮಾತಿನಲ್ಲಿ ಏನು ಹೇಳಿದೆನೆಂದು ಪಾಪ ಅವನಿಗೆ ತಿಳಿಯಲಿಲ್ಲ.

ಮೊದಲು ಪೆಟ್ಟು ತಿಂದವಳು ಅವನ ಹೆಂಡತಿ. ಒಂದು ಬೆಳಿಗ್ಗೆ ಅತ್ತೆಗೆ ತಲೆ ಬಾಚುತ್ತಿದ್ದಾಗ ಅತ್ತೆ ದನಿ ತಗ್ಗಿಸಿ, "ನಿಮ್ಮಕ್ಕ ಇದಾಳಲ್ಲ" ಎಂದು ಶುರುಮಾಡಿದಳು. "ಮನಸ್ಸು ಒಳ್ಳೇದು. ಆದ್ರೆ ಬಾಚೋವಾಗ ಕೂದಲು ಕಿತ್ತು ಕೈಗೆ ಕೊಡ್ತಾಳೆ. ನಿನ್ನ ಕೈ ಮೆತ್ತಗಿದೆ."

ಹೆಂಡತಿ ಬಾಚಣಿಗೆ ಹಿಡಿದು ಕಕ್ಕಾಬಿಕ್ಕಿಯಾದಳು. ಆಮೇಲೆ ಕುತೂಹಲ ತಡೆಯಲಾರದೆ, ತಂಗಿಯ ರಾಗದಲ್ಲೇ, "ಹೌದಾ ಅತ್ತೆ? ಇನ್ನೇನು ಮಾಡ್ತಾಳೆ ಅಕ್ಕ?" ಎಂದು ಕೇಳಿದಳು. ಅತ್ತೆ ಧಾರಾಳವಾಗಿ ಹೇಳಿದಳು. ಅಡುಗೆಮನೆಗೆ ಬಂದ ಹೆಂಡತಿ ತಂಗಿಗೆ ಫೋನ್ ಮಾಡಿದರೆ, ಅವಳದೂ ಅದೇ ಕತೆ. ಹೋದ ತಿಂಗಳು ಅತ್ತೆ ಅಲ್ಲಿ ಅವಳ ಮುಂದೆಯೇ ಕೂತು ಅವಳ ಉಪ್ಪಿನ ಕೈಯನ್ನು ಜಾಲಾಡಿದ್ದಳಂತೆ. ಅಕ್ಕತಂಗಿಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿದ ಮೇಲೆ ಅಕ್ಕ, "ಇದು ನಗೋ ವಿಷಯ ಅಲ್ಲ ಅನ್ಸುತ್ತೆ ಕಣೇ" ಎಂದಳು.

ಪರದೆಯಣ್ಣ ಇದನ್ನು ಕೇಳಿ ತಬ್ಬಿಬ್ಬಾದ. ಅಮ್ಮನ ನೆನಪಿಗೆ ಏನೂ ಆಗಿರಲಿಲ್ಲ. ಐವತ್ತು ವರ್ಷದ ಹಿಂದೆ ಯಾರ ಮದುವೆಯಲ್ಲಿ ಯಾರು ಮುನಿಸಿಕೊಂಡು ಊಟ ಬಿಟ್ಟರೆಂದು ಎಳೆ ಎಳೆಯಾಗಿ ಹೇಳುತ್ತಿದ್ದಳು. ಡಾಕ್ಟರೂ ಬಂದು ನೋಡಿ, ವಯಸ್ಸಿಗೆ ತಕ್ಕಂತೆ ಚೆನ್ನಾಗಿದ್ದಾರೆ ಎಂದಿದ್ದರು. ಆದರೆ ಎದ್ದ ಕೂಡಲೇ, "ಈಗ ಬೆಳಿಗ್ಗೇನಾ ಸಂಜೇನಾ?" ಎಂದು ಕೇಳುತ್ತಿದ್ದಳು. ಕರೆಯಬೇಕಾದಾಗ "ದೊಡ್ಡೋನೇ" ಎಂದು ಬಾಯಿ ತೆರೆದು, ಅರ್ಧಕ್ಕೇ ನಿಲ್ಲಿಸಿ, "ಯಾರಾದ್ರೂ ಬನ್ರೋ" ಎಂದುಬಿಡುತ್ತಿದ್ದಳು. ಅವನು ಅಂಗಡಿಯಿಂದ ಬಂದು ಚಪ್ಪಲಿ ಬಿಟ್ಟರೆ ಕೋಣೆಯಿಂದ ದನಿಯಿಲ್ಲ. ದಿನದಿನಕ್ಕೂ ಅವಳ ಮಾತು ಕಡಿಮೆಯಾಗಿ ನಿದ್ದೆ ಹೆಚ್ಚಾಯಿತು.

ಎಲ್ಲಿ ತಪ್ಪಿದೆ? ಪರದೆಯಣ್ಣ ಮತ್ತೆ ಟೇಪು ಹಿಡಿದು ಕೋಣೆ ಅಳೆದ. ಮಂಚ ಸರಿಯಿತ್ತು. ಸ್ಟೂಲು ಸರಿಯಿತ್ತು. ತಮ್ಮನಿಗೆ ಫೋನ್ ಮಾಡಿ ಅಲ್ಲಿಯ ಜಗ್ಗಿನ ಹಿಡಿ ಯಾವ ಕಡೆ ತಿರುಗಿದೆಯೆಂದು ಕೇಳಿದ. ತಮ್ಮ ಬೇಸತ್ತು, "ಅಣ್ಣ, ಅಮ್ಮ ಎಡವಿಲ್ಲ ತಾನೆ? ಮತ್ತೇನು ನಿನ್ನ ಗೋಳು?" ಎಂದ. ಗೆದ್ದವನು ತಾನು, ಆದರೂ ಏನೋ ಕಳೆದುಕೊಂಡು ಹುಡುಕುತ್ತಿರುವ ಹಾಗೆ ಮನೆಯೊಳಗೆ ಸುತ್ತುತ್ತಿದ್ದ. ಹಜಾರದಲ್ಲಿ ರೈಲು ನಿಂತು ಎಷ್ಟೋ ದಿನವಾಗಿತ್ತು, ಟ್ರೇಗಳ ಮೇಲೆ ದೂಳು ಕೂತಿತ್ತು.

ಅಂಗಡಿಗೆ ವಾರದ ರಜೆ ಇದ್ದ ಒಂದು ದಿನ, ಮಧ್ಯಾಹ್ನದ ಊಟವಾದ ಮೇಲೆ, ಅಮ್ಮ ಮಲಗಿ ಎದ್ದ ಸದ್ದಾಯಿತು. ಪರದೆಯಣ್ಣ ಜಗ್ಗಿಗೆ ನೀರು ತುಂಬಿಸಿಕೊಂಡು ಒಳಗೆ ಹೋದ. ಹೊರಗೆ ಕಣ್ಣು ಕುಕ್ಕುವ ಬಿಸಿಲು. ಒಳಗೆ ತೂಗುವ ದೀಪದ ಅದೇ ಮಂಕು ಹಳದಿ. ಅಮ್ಮ ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು.

ಲೋಟಕ್ಕೆ ಬಗ್ಗಿಸಿ, "ನೀರಮ್ಮ" ಎಂದ, ಕೆಮ್ಮಿದ.

ಅಮ್ಮ ಲೋಟ ತೆಗೆದುಕೊಳ್ಳಲಿಲ್ಲ. ಅವನ ಕೈ ಹುಡುಕಿ ಹಿಡಿದುಕೊಂಡಳು.

"ಚಿಕ್ಕೋನೇ, ಒಂದು ಮಾತು. ಸಿಟ್ಟು ಮಾಡ್ಕೋಬಾರ್ದು."

ಅವನು ಬಾಯಿ ತೆರೆದ. ನಾನು ಚಿಕ್ಕವನಲ್ಲ ಅಮ್ಮ ಎನ್ನಬೇಕಿತ್ತು. ಅಷ್ಟರಲ್ಲಿ ಅವಳು ಅವನ ಕೈ ಅದುಮಿದಳು.

"ನಿಮ್ಮಣ್ಣನ ಮನೆಗೆ ನನ್ನ ಯಾವಾಗ ಕಳಿಸ್ತೀಯ?" ಎಂದಳು ಅಮ್ಮ. "ಸರದಿ ಮುಗಿದು ಎಷ್ಟೋ ದಿನ ಆಗಿರ್ಬೇಕು. ನೀನು ಮರೆತಿದ್ದೀಯೋ, ಬೇಕಂತ್ಲೇ ಸುಮ್ನಿದ್ದೀಯೋ, ಕೇಳೋಕೆ ನಂಗೆ ಸಂಕೋಚ. ನೀನೇನೂ ಕಮ್ಮಿ ಮಾಡಿಲ್ಲಪ್ಪ. ಆದ್ರೆ ಅಲ್ಲಿ ಬೆಳಿಗ್ಗೆ ಬಿಸಿಲು ಬಂದು ಕಾಲ ಮೇಲೆ ಬೀಳುತ್ತೆ ನೋಡು, ಆಗ ನಂಗೆ ಗೊತ್ತಾಗುತ್ತೆ, ಹಾ, ದೊಡ್ಡೋನ ಮನೇಲಿದ್ದೀನಿ ಅಂತ. ಅವನು ಅಂಗಡಿಗೆ ಹೊರಡೋ ಹೊತ್ತಾಯ್ತು ಅಂತ. ಅವನನ್ನ ನೋಡ್ಬೇಕು ಅನ್ನಿಸ್ತಿದೆ ಕಣೋ. ಅವನಿಗೇನಾದ್ರೂ ನನ್ನ ಮೇಲೆ ಬೇಜಾರಾ? ಯಾಕೆ ಕರ್ಕೊಂಡು ಹೋಗೋಕೆ ಬರ್ತಿಲ್ಲ?"

ಪರದೆಯಣ್ಣ ಲೋಟವನ್ನು ಸ್ಟೂಲಿನ ಮೇಲಿಟ್ಟ. ಅಮ್ಮ ತನ್ನ ಮನೆಯಲ್ಲೇ ಇದ್ದಾಳೆ, ತನ್ನ ಕೈ ಹಿಡಿದುಕೊಂಡೇ ಇದ್ದಾಳೆ, ತನಗಾಗಿ ಕಾಯುತ್ತಿದ್ದಾಳೆ. ಇದೇ ದೊಡ್ಡವನ ಮನೆ ಎಂದು ಈಗ ಹೇಳುವುದು ಹೇಗೆ? ಹೇಳಿದರೆ ತನಗೆ ಬುದ್ಧಿ ಕೆಟ್ಟಿದೆಯೆಂದು ಅವಳು ಹೆದರಿಬಿಡುತ್ತಾಳೆ. ಕೆಟ್ಟಿದ್ದು ಅವಳ ಬುದ್ಧಿಯಲ್ಲ. ಹಲಗೆ ಹೊಡೆದವನು ತಾನು.

"ಈಗ್ಲೇ ಹೋಗೋಣಮ್ಮ" ಎಂದ. ದನಿ ಅವನದೋ ತಮ್ಮನದೋ ಅವನಿಗೇ ತಿಳಿಯಲಿಲ್ಲ.

"ಈಗ್ಲೇನಾ?"

"ಹೂಂ. ಏಳು."

ಬಾಗಿಲಲ್ಲಿ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಅವನು ಕಿಟಕಿಯ ಕಡೆ ಕಣ್ಣಲ್ಲೇ ತೋರಿಸಿದ. ಅವಳು ತಲೆಯಾಡಿಸಿದಳು.

ಅಮ್ಮನ ಕಂಕುಳಿಗೆ ಕೈ ಕೊಟ್ಟು ಅವನು ನಿಧಾನವಾಗಿ ಅಡುಗೆಮನೆ ದಾಟಿಸಿ, ಹಿತ್ತಿಲ ಬಾಗಿಲಿನಿಂದ ಹಿಂದಿನ ಗಲ್ಲಿಗೆ ಇಳಿಸಿದ. ಬಿಸಿಲು ಮುಖಕ್ಕೆ ಬಡಿದ ಕೂಡಲೇ ಅಮ್ಮ ನಿಂತುಬಿಟ್ಟಳು. ಮುಖ ಎತ್ತಿ, ಕಣ್ಣು ಕಿರಿದು ಮಾಡಿ, ಅವನನ್ನು ಹತ್ತಿರದಿಂದ ದಿಟ್ಟಿಸಿದಳು. ಮೀಸೆ ಮುಟ್ಟಿ ನೋಡಿದಳು. ತಮ್ಮನಿಗೆ ಮೀಸೆ ಇರಲಿಲ್ಲ.

"ದೊಡ್ಡೋನೇ! ನೀನ್ಯಾವಾಗ ಬಂದ್ಯೋ?"

"ಈಗ್ಲೇ ಬಂದೆ ಅಮ್ಮ. ಕರ್ಕೊಂಡು ಹೋಗೋಣ ಅಂತ."

"ಮತ್ತೆ ವ್ಯಾನು?"

"ನಡ್ಕೊಂಡೇ ಹೋಗ್ಬಹುದಮ್ಮ. ಹತ್ತಿರದ ದಾರಿ ಒಂದಿದೆ."

ಗಲ್ಲಿಯ ಉದ್ದಕ್ಕೂ ನಿಂತು ನಿಂತು ನಡೆದರು. ಮಂಡಿ ನೋಯುತ್ತಿದ್ದರೂ ಅಮ್ಮನ ಬಾಯಿ ನಿಲ್ಲಲಿಲ್ಲ. ಎಷ್ಟೋ ವಾರಗಳ ಮಾತು ಒಟ್ಟಿಗೇ ಬರುತ್ತಿತ್ತು. ಮೂಲೆ ತಿರುಗಿ, ಮುಂದಿನ ಬೀದಿಗೆ ಬಂದು, ತನ್ನದೇ ಮನೆಯ ಮುಂದಿನ ಗೇಟು ತೆರೆದಾಗ ಅಮ್ಮ ಅದರ ಕಂಬಿಯನ್ನು ಕೈಯಿಂದ ಸವರಿ ನೋಡಿ, ನಿಟ್ಟುಸಿರು ಬಿಟ್ಟಳು.

"ಇಷ್ಟು ಹತ್ತಿರ ಇಟ್ಕೊಂಡು ಇಷ್ಟು ದಿನ ಮಾಡ್ದೆಯಲ್ಲೋ."

ಅವನು ಅವಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋದ.

ಅಷ್ಟರಲ್ಲಿ ಹೆಂಡತಿ ಪರದೆ ಕಿತ್ತು, ಹಲಗೆಯನ್ನು ಮೊಳೆ ಸಮೇತ ಎಬ್ಬಿಸಿ, ಮಂಚವನ್ನು ಮೊದಲಿನ ದಿಕ್ಕಿಗೆ ಎಳೆದು ಹಾಕಿದ್ದಳು. ಅವಳ ಕೈ ಗೀರಿ ರಕ್ತ ಬಂದಿತ್ತು. ಕಿಟಕಿಯಿಂದ ಮಧ್ಯಾಹ್ನದ ಬೆಳಕು ಕೋಣೆ ತುಂಬಿ ನಿಂತಿತ್ತು. ಅಮ್ಮ ಮಂಚದ ಮೇಲೆ ಕೂತು, ಕಾಲು ಚಾಚಿ, "ನೀರು ಕೊಡೇ, ದೊಡ್ಡವಳೇ" ಎಂದು ಸೊಸೆಯನ್ನು ಕೂಗಿದಳು. ಸೊಸೆ ತಂದುಕೊಟ್ಟಳು. ಕುಡಿದು ಲೋಟ ಕೆಳಗಿಟ್ಟ ಅಮ್ಮ, ಮಗನನ್ನು ಹತ್ತಿರ ಕರೆದು, ದನಿ ತಗ್ಗಿಸಿದಳು.

"ನಿನ್ನ ತಮ್ಮ ಒಳ್ಳೇವನೇ ಕಣೋ. ಆದ್ರೆ ಅವನ ಮನೇಲಿ ಬಹಳ ಕತ್ತಲೆ. ಒಬ್ಬರ ಮುಖವೂ ಗೊತ್ತಾಗಲ್ಲ. ಅವನಿಗೆ ಹೇಳ್ಬೇಡ, ನೊಂದ್ಕೋತಾನೆ."

"ಹೇಳಲ್ಲಮ್ಮ" ಎಂದ ಪರದೆಯಣ್ಣ.